ಸೇನಾ ಹೆಚ್ಚುವರಿ ಪ್ಯಾಂಟುಗಳ ವ್ಯಾಪಾರ: ಕೊಳ್ಳುವ ಮುನ್ನ ಅರಿಯಬೇಕಾದ ಸಂಗತಿಗಳು

ದುಡಿಯುವ ಜನರ ಉಡುಪಿನಲ್ಲಿ ‘ಸಿಕ್ಸ್ ಪಾಕೆಟ್’ ಎಂದು ಕರೆಯಲಾಗುವ ಆರು ಕಿಸೆಯ ಪ್ಯಾಂಟಿಗೆ ಈಗ ನಿಶ್ಚಿತವಾದ ಸ್ಥಾನವಿದೆ. ಗ್ಯಾರೇಜಿನ ಮೆಕ್ಯಾನಿಕ್, ಕೊಳವೆಬಾವಿ ಕೊರೆಯುವ ಲಾರಿಯ ಕೆಲಸಗಾರ, ವಿದ್ಯುತ್ ಕಂಬ ಹತ್ತುವವನು, ಕೃಷಿ ಮಾರುಕಟ್ಟೆಯ ಹಮಾಲ, ಕಾವಲುಗಾರ ಇವರೆಲ್ಲರಿಗೂ ಬೇಕಾದುದು ಒಂದೇ. ಬಟ್ಟೆ ಗಟ್ಟಿಯಾಗಿರಬೇಕು, ಕೂತೆದ್ದರೆ ಹರಿಯಬಾರದು, ಕೈಗೆ ಬೇಕಾದ ಸಾಮಾನು ಕಿಸೆಯಲ್ಲಿ ಹಿಡಿಸಬೇಕು. ಇಂಥ ಗಿರಾಕಿಯ ಮುಂದೆ ‘ಇದು ಮಿಲಿಟರಿ ಮಾಲು’ ಎಂದು ಹೇಳಿದರೆ ಅರ್ಧ ವ್ಯಾಪಾರ ಮುಗಿದಂತೆಯೇ.

ಆ ಒಂದು ಮಾತಿನ ಬಲದಿಂದಲೇ ಈ ಸರಕಿನ ವ್ಯಾಪಾರದಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಬೀದರ ವಾಯುಪಡೆಯ ತರಬೇತಿ ನೆಲೆ ಇರುವ ನಗರ. ಬೀದರ, ಭಾಲ್ಕಿ, ಔರಾದ ಪೇಟೆಗಳ ಹಾಗೂ ಮನ್ನಳ್ಳಿಯ ಕಡೆಯ ಹಳ್ಳಿಗಳ ವ್ಯಾಪಾರಿಗಳಿಗೆ ಹೈದರಾಬಾದ್–ಸಿಕಂದರಾಬಾದ್ ಸಗಟು ಪೇಟೆ ಕೆಲವೇ ಗಂಟೆಗಳ ಹಾದಿ. ಗಂಟುಗಟ್ಟಲೆ ಮಾಲನ್ನು ತರುವುದು ಸುಲಭ. ಆದರೆ ತಂದ ಗಂಟಿನಲ್ಲಿ ಏನಿದೆ, ಅದನ್ನು ಮಾರಲು ಕಾನೂನಿನ ಒಪ್ಪಿಗೆ ಇದೆಯೇ, ನಿಜವಾದ ಅಸಲು ಎಷ್ಟು ಬಿದ್ದಿತು ಎಂಬ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳದಿದ್ದರೆ ಬಂಡವಾಳವೇ ಕೈತಪ್ಪಬಹುದು. ಈ ಲೇಖನದ ಉದ್ದೇಶ ಆ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುವುದು. ಕೊನೆಗೆ, ಹಳೆಯ ಸರಕನ್ನು ಅರಸುವುದಕ್ಕಿಂತ ಅದೇ ಮಾದರಿಯ ಪ್ಯಾಂಟನ್ನು ನಮ್ಮಲ್ಲಿಯೇ ತಯಾರಿಸುವುದು ಲೇಸಲ್ಲವೇ ಎಂಬುದನ್ನು ವಿಚಾರಿಸುವುದು.

ಈ ಪ್ಯಾಂಟಿನ ಹುಟ್ಟು

ತೊಡೆಯ ಮೇಲಿನ ದೊಡ್ಡ ಕಿಸೆ ಫ್ಯಾಷನ್ನಿನಿಂದ ಬಂದದ್ದಲ್ಲ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಬ್ರಿಟಿಷ್ ಸೇನೆ ಜಾರಿಗೆ ತಂದ ‘ಬ್ಯಾಟಲ್‌ಡ್ರೆಸ್’ ಉಡುಪಿನಲ್ಲಿ ಎಡತೊಡೆಯ ಮೇಲೆ ನಕ್ಷೆ ಇಡಲು ಒಂದು ದೊಡ್ಡ ಕಿಸೆ ಇತ್ತು. ವಿಮಾನದಿಂದ ಧುಮುಕುವ ಅಮೆರಿಕದ ಪ್ಯಾರಾಟ್ರೂಪರ್‌ಗಳಿಗಾಗಿ 1942ರಲ್ಲಿ ರೂಪಿಸಿದ ಉಡುಪಿನಲ್ಲಿ ಎರಡೂ ತೊಡೆಗಳ ಮೇಲೆ ಉಬ್ಬುವ ಕಿಸೆಗಳು ಬಂದವು. ನೆಲಕ್ಕಿಳಿದ ಸೈನಿಕನಿಗೆ ಆಹಾರ, ಮದ್ದುಗುಂಡು ಎಲ್ಲವೂ ಮೈಮೇಲೆಯೇ ಇರಬೇಕಾಗಿತ್ತು. ನಂತರದ ದಶಕಗಳಲ್ಲಿ ಕಾಡುಯುದ್ಧಕ್ಕಾಗಿ ಹಗುರವಾದ, ಬೇಗ ಒಣಗುವ ಬಟ್ಟೆಯೂ, ಹರಿದ ತೂತು ಹರಡದಂತೆ ಚೌಕಳಿಯಾಗಿ ದಪ್ಪ ನೂಲು ಸೇರಿಸಿ ನೇಯ್ದ ‘ರಿಪ್‌ಸ್ಟಾಪ್’ ಬಟ್ಟೆಯೂ ಬಳಕೆಗೆ ಬಂದವು. ಪ್ರತಿಯೊಂದು ಮಡಿಕೆಗೂ ಪ್ರತಿಯೊಂದು ಹೊಲಿಗೆಗೂ ಹೀಗೆ ಒಂದು ಕಾರಣವಿದೆ. ಗುಣಮಟ್ಟ ಪರೀಕ್ಷಿಸುವಾಗ ಈ ಕಾರಣಗಳು ನಮ್ಮ ಸಹಾಯಕ್ಕೆ ಬರುತ್ತವೆ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಖಾಕಿ ಎಂಬ ಪದ ಧೂಳು ಎಂಬ ಅರ್ಥದ ‘ಖಾಕ್’ ಶಬ್ದದಿಂದ ಬಂದುದು. ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ದಳ ಮಣ್ಣಿನ ಬಣ್ಣದ ಉಡುಪು ತೊಟ್ಟ ಮೊದಲ ದಳಗಳಲ್ಲೊಂದು. ಆದರೆ ಗಟ್ಟಿಯಾಗಿ ನಿಲ್ಲುವ ಖಾಕಿ ಬಣ್ಣವನ್ನು ಹದಗೊಳಿಸಿದ ಕೀರ್ತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೆ 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಯ್ಗೆ ತಜ್ಞನಿಗೆ ಸಲ್ಲಿಸುವುದು ರೂಢಿ.

‘ಸರ್ಪ್ಲಸ್’ ಹೆಸರಿನ ನಾಲ್ಕು ಬಗೆಯ ಸರಕು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯಂತೆ, ಹಸಿರಾಗಿರುವುದೆಲ್ಲ ಸೇನೆಯದಲ್ಲ. ಪೇಟೆಯಲ್ಲಿ ‘ಮಿಲಿಟರಿ ಸರ್ಪ್ಲಸ್’ ಎಂಬ ಒಂದೇ ಹೆಸರಿನಿಂದ ಮಾರಾಟವಾಗುವ ಪ್ಯಾಂಟುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಸೇನೆಗಾಗಿ ತಯಾರಾಗಿ, ಬಳಕೆಯಾಗದೆ ಉಳಿದು, ವಿಧಿವತ್ತಾಗಿ ವಿಲೇವಾರಿಯಾದ ಸರಕು. ಇದು ಶ್ರೇಷ್ಠವಾದುದು, ಆದರೆ ಸಿಗುವುದು ಅಪರೂಪ.

ಎರಡನೆಯದು, ಬಳಸಿ, ಅವಧಿ ಮುಗಿದು, ನಿರುಪಯುಕ್ತವೆಂದು ಘೋಷಿತವಾದ ಸರಕು. ಇದರಲ್ಲಿ ತೊಡಲು ಯೋಗ್ಯವಾದುದೂ ಇರಬಹುದು, ಕೇವಲ ಚಿಂದಿಯೂ ಇರಬಹುದು.

ಮೂರನೆಯದು, ಸಮವಸ್ತ್ರ ಪೂರೈಸುವ ಕಾರ್ಖಾನೆಗಳಲ್ಲಿ ತಪಾಸಣೆಯ ವೇಳೆ ತಿರಸ್ಕೃತವಾದ ಪ್ಯಾಂಟು ಅಥವಾ ಮಿಕ್ಕ ಥಾನುಗಳಿಂದ ಹೊಲಿದ ಪ್ಯಾಂಟು. ಬಟ್ಟೆ ಒಳ್ಳೆಯದಿದ್ದರೂ ಬಣ್ಣದ ವ್ಯತ್ಯಾಸ, ಅಳತೆಯ ದೋಷ, ನೇಯ್ಗೆಯ ಕುಂದು ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ.

ನಾಲ್ಕನೆಯದು, ಸೇನೆಯೊಡನೆ ಯಾವ ಸಂಬಂಧವೂ ಇಲ್ಲದ ಅನುಕರಣೆ. ಸಾಧಾರಣ ಪಾಲಿಯೆಸ್ಟರ್ ಮಿಶ್ರ ಬಟ್ಟೆಗೆ ಹಸಿರು ಬಣ್ಣ ಹಾಕಿ, ತೊಡೆಗೆ ಎರಡು ಕಿಸೆ ಹಚ್ಚಿದರೆ ಇದು ಸಿದ್ಧ.

ನಾಲ್ಕನೆಯ ವರ್ಗದ ಮಾಲನ್ನು ಮೊದಲನೆಯ ವರ್ಗದ ಬೆಲೆಗೆ ಕೊಂಡವನು ಗಿರಾಕಿಗೂ ಸುಳ್ಳು ಹೇಳಬೇಕಾಗುತ್ತದೆ. ಎರಡು ತಿಂಗಳಲ್ಲಿ ಮೊಣಕಾಲು ಹರಿದ ಪ್ಯಾಂಟಿನೊಡನೆ ಆ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಿದಾಗ ವಿಶ್ವಾಸವೂ ಹರಿದು ಹೋಗುತ್ತದೆ. ಸಣ್ಣ ಊರಿನ ವ್ಯಾಪಾರದಲ್ಲಿ ವಿಶ್ವಾಸಕ್ಕಿಂತ ದೊಡ್ಡ ಬಂಡವಾಳ ಬೇರೊಂದಿಲ್ಲ.

ಸರಕು ಎಲ್ಲಿಂದ ಬರುತ್ತದೆ

ನಮ್ಮ ದೇಶದಲ್ಲಿ ಸೇನಾ ಉಡುಪಿನ ತಯಾರಿಕೆ ಬಹುಕಾಲ ಸರ್ಕಾರಿ ಕಾರ್ಖಾನೆಗಳ ಹೊಣೆಯಾಗಿತ್ತು. ಉತ್ತರ ಪ್ರದೇಶದ ಶಹಜಹಾನ್‌ಪುರದ ಉಡುಪು ಕಾರ್ಖಾನೆ 1914ರಲ್ಲಿ ಆರಂಭವಾಯಿತು. ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ವಿಭಜಿಸಿದಾಗ ಶಹಜಹಾನ್‌ಪುರ, ಕಾನ್ಪುರ, ಹಜರತ್‌ಪುರ ಹಾಗೂ ಚೆನ್ನೈ ಸಮೀಪದ ಆವಡಿಯ ಕಾರ್ಖಾನೆಗಳು ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಟ್ರೂಪ್ ಕಂಫರ್ಟ್ಸ್ ಲಿಮಿಟೆಡ್‌ನ ಅಡಿಯಲ್ಲಿ ಬಂದವು. ಏಳನೆಯ ವೇತನ ಆಯೋಗದ ಬಳಿಕ 2017ರ ಜುಲೈನಿಂದ ಸೈನಿಕರಿಗೆ ವಾರ್ಷಿಕ ಉಡುಪು ಭತ್ಯೆ ದೊರೆಯತೊಡಗಿತು. ಇದರಿಂದ ದಂಡು ಪ್ರದೇಶಗಳ ಬಟ್ಟೆ ಅಂಗಡಿಗಳಿಗೂ ದರ್ಜಿಗಳಿಗೂ ಬೇಡಿಕೆ ಬಂದಿತು. ಅದರ ಜೊತೆಗೇ ಸೇನಾ ಮಾದರಿಯ ಬಟ್ಟೆ ಹೊರಪೇಟೆಗೆ ಹರಿಯುವ ದಾರಿಗಳೂ ಹೆಚ್ಚಿದವು. ‘ಪೇಟೆಯಲ್ಲಿ ದೊರೆಯುತ್ತದೆ’ ಎಂಬ ಮಾತ್ರಕ್ಕೆ ಅದು ಸೇನೆ ವಿಲೇವಾರಿ ಮಾಡಿದ ಸರಕು ಎಂದು ತಿಳಿಯಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಸರ್ಕಾರದ ಹೆಚ್ಚುವರಿ ಸರಕನ್ನು ಮಾರುವ ಕೆಲಸವನ್ನು ಹಿಂದೆ ‘ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ’ ನೋಡಿಕೊಳ್ಳುತ್ತಿತ್ತು. ಆ ಇಲಾಖೆ 2017ರ ಅಕ್ಟೋಬರ್ 31ಕ್ಕೆ ಮುಚ್ಚಿತು. 1964ರಲ್ಲಿ ಸ್ಥಾಪನೆಯಾದ, ಕೋಲ್ಕತ್ತ ಮೂಲದ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿ ನಡೆಸುವ ವಿದ್ಯುನ್ಮಾನ ಹರಾಜು ಇಂದು ಇಂಥ ವಿಲೇವಾರಿಯ ಮುಖ್ಯ ಮಾರ್ಗ. ಸರ್ಕಾರಿ ಖರೀದಿಗಾಗಿ 2016ರಲ್ಲಿ ಆರಂಭವಾದ ಜೆಮ್ ತಾಣದಲ್ಲಿಯೂ ವಿಲೇವಾರಿ ಹರಾಜಿನ ವ್ಯವಸ್ಥೆ ಇದೆ. ಭಾಗವಹಿಸಲು ಖರೀದಿದಾರನು ಪ್ಯಾನ್, ಜಿಎಸ್‌ಟಿ, ಬ್ಯಾಂಕು ಖಾತೆಯ ವಿವರಗಳೊಡನೆ ನೋಂದಾಯಿಸಿಕೊಳ್ಳಬೇಕು.

ವಿದೇಶದ ಹಳೆಯ ಸೇನಾ ಉಡುಪುಗಳೂ ಭಾರತಕ್ಕೆ ಬರುವುದುಂಟು. ಆದರೆ ಬಳಸಿದ ಉಡುಪು (ಸುಂಕ ಪಟ್ಟಿಯ 6309ನೆಯ ಶೀರ್ಷಿಕೆ) ನಿರ್ಬಂಧಿತ ಆಮದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಇಲ್ಲದೆ ಇದನ್ನು ತರಿಸುವಂತಿಲ್ಲ. ಹಳೆಯ ಉಡುಪನ್ನು ‘ಹೊಸದು’ ಎಂದು ತೋರಿಸಿ ತರಿಸಿದ ಸರಕು ಬಂದರಿನಲ್ಲಿ ಜಫ್ತಿಯಾದರೆ ಹಣ ಕೊಟ್ಟವನೇ ನಷ್ಟ ಭರಿಸಬೇಕು.

ಕಾನೂನಿನ ಎಲ್ಲೆ

ವ್ಯಾಪಾರಿಗಳು ಈ ಭಾಗವನ್ನು ವಿಶೇಷ ಗಮನವಿಟ್ಟು ಓದಬೇಕೆಂದು ವಿನಂತಿ.

ಪಠಾಣಕೋಟ್ ವಾಯುನೆಲೆಯ ಮೇಲೆ 2016ರ ಜನವರಿಯಲ್ಲಿ ದಾಳಿ ಮಾಡಿದವರು ಸೇನಾ ಮಾದರಿಯ ಉಡುಪು ಧರಿಸಿದ್ದರು. ಅದಾದ ಮೇಲೆ, ಸೇನಾ ಮಾದರಿಯ ಬಟ್ಟೆ ತೊಡಬೇಡಿ, ಅಂಗಡಿಗಳಲ್ಲಿ ಮಾರಬೇಡಿ ಎಂದು ಸೇನೆಯೇ ಸಾರ್ವಜನಿಕರಿಗೆ ಮನವಿ ಮಾಡಿತು. ಗಡಿ ಜಿಲ್ಲೆಗಳಲ್ಲಿ ಜಿಲ್ಲಾಡಳಿತಗಳು ಆಗಾಗ್ಗೆ ಇಂಥ ಮಾರಾಟವನ್ನು ನಿಷೇಧಿಸಿ ಆದೇಶ ಹೊರಡಿಸುತ್ತವೆ.

ಸೇನೆಯ ಹೊಸ ಚಿತ್ತಾರದ ಯುದ್ಧ ಸಮವಸ್ತ್ರ 2022ರ ಜನವರಿ 15ರ ಸೇನಾ ದಿನದಂದು ಬೆಳಕಿಗೆ ಬಂದಿತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ರೂಪಿಸಿದ ಈ ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ನೋಂದಣಿ ಪೇಟೆಂಟ್ ಕಚೇರಿಯ 2022ರ ಅಕ್ಟೋಬರ್ 21ರ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿನ್ಯಾಸ ಕಾಯ್ದೆಯ ಪ್ರಕಾರ ಈ ಹಕ್ಕು ಹತ್ತು ವರ್ಷ ಇರುತ್ತದೆ, ಮತ್ತೆ ಐದು ವರ್ಷ ವಿಸ್ತರಿಸಬಹುದು. ಅನುಮತಿಯಿಲ್ಲದೆ ಈ ಚಿತ್ತಾರದ ಬಟ್ಟೆ ತಯಾರಿಸುವವರ ಮೇಲೂ ಮಾರುವವರ ಮೇಲೂ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು. ವಾಯುಪಡೆಯೂ 2022ರ ಅಕ್ಟೋಬರ್ 8ರಂದು ಚಂಡೀಗಡದಲ್ಲಿ ತನ್ನ ಹೊಸ ಯುದ್ಧ ಸಮವಸ್ತ್ರವನ್ನು ಪ್ರಕಟಿಸಿತು. ವಾಯುನೆಲೆಯ ಊರಿನಲ್ಲಿ ವ್ಯಾಪಾರ ಮಾಡುವ ನಮಗೆ ಇದು ನೆನಪಿರಬೇಕಾದ ಸಂಗತಿ.

ತೊಡುವವನಿಗೂ ಕಾನೂನಿದೆ. ಸೈನಿಕ, ನಾವಿಕ ಅಥವಾ ವಾಯುಯೋಧ ಅಲ್ಲದವನು, ತಾನು ಅಂಥವನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಅವರ ಉಡುಪನ್ನು ಹೋಲುವ ಉಡುಪು ತೊಡುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 140ನೆಯ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನಲ್ಲಿದೆ. ಮೂರು ತಿಂಗಳವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ಉದ್ದೇಶವೇ ಮುಖ್ಯವೆಂಬುದು ನಿಜ. ಆದರೂ ಬಡ ಕೂಲಿಕಾರನೊಬ್ಬ ನಮ್ಮ ಅಂಗಡಿಯಲ್ಲಿ ಕೊಂಡ ಪ್ಯಾಂಟು ತೊಟ್ಟ ಕಾರಣಕ್ಕೆ ಠಾಣೆಯಲ್ಲಿ ಕುಳಿತು ತನ್ನ ಉದ್ದೇಶವನ್ನು ವಿವರಿಸುವ ಸ್ಥಿತಿ ಬರಬಾರದು.

ಹೀಗಾಗಿ ಪಾಲಿಸಬೇಕಾದ ನಿಯಮ ಸರಳ. ಭಾರತೀಯ ಪಡೆಗಳ ಚಿತ್ತಾರದ ಬಟ್ಟೆಯನ್ನು ಕೊಳ್ಳಲೂ ಬೇಡಿ, ಮಾರಲೂ ಬೇಡಿ. ಬಿಲ್ಲೆ, ಪಟ್ಟಿ, ಲಾಂಛನವಿರುವ ಯಾವ ಉಡುಪನ್ನೂ ಅಂಗಡಿಯಲ್ಲಿ ಇಡಬೇಡಿ. ಬೂದು, ಕಂದು, ಕಡುನೀಲಿ, ಕಪ್ಪು, ಮಣ್ಣಿನ ಬಣ್ಣ — ಇಂಥ ಒಂದೇ ಬಣ್ಣದ ಸರಳ ಪ್ಯಾಂಟುಗಳಿಗೆ ಮಾತ್ರ ಸೀಮಿತರಾಗಿರಿ. ದುಡಿಯುವ ಗಿರಾಕಿಗೆ ಬೇಕಾದುದೂ ಅದೇ.

ಹರಾಜಿನಲ್ಲಿ ಕೊಳ್ಳುವ ಎಚ್ಚರ

ಹರಾಜಿನ ಸರಕು ‘ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ’ ಎಂಬ ಷರತ್ತಿನ ಮೇಲೆ ಮಾರಾಟವಾಗುತ್ತದೆ. ಮಾಲು ಎತ್ತಿದ ಮೇಲೆ ದೂರಿಗೆ ಅವಕಾಶವಿಲ್ಲ. ಆದ್ದರಿಂದ ತಪಾಸಣೆಗೆ ಗೊತ್ತುಪಡಿಸಿದ ದಿನ ಸ್ವತಃ ಹೋಗಿ ನೋಡದೆ ಕೂಗಬಾರದು. ಗಂಟಿನ ಮೇಲ್ಭಾಗದ ನಾಲ್ಕು ಪ್ಯಾಂಟು ನೋಡಿದರೆ ಸಾಲದು, ನಡುವಿನ ಹಾಗೂ ತಳದ ಸರಕನ್ನೂ ಕಾಣಬೇಕು. ಉಡುಪಾಗಿ ಮಾರುತ್ತಿದ್ದಾರೆಯೋ, ಚಿಂದಿಯಾಗಿ ಮಾರುತ್ತಿದ್ದಾರೆಯೋ, ಕತ್ತರಿಸಿ ಕೊಡುವ ಷರತ್ತು ಇದೆಯೋ ಎಂಬುದನ್ನು ಮಾರಾಟದ ಷರತ್ತುಗಳಲ್ಲಿ ಅಕ್ಷರಶಃ ಓದಬೇಕು.

ಮುಂಗಡದ ವಿಷಯದಲ್ಲಿ ಹಳೆಯದೊಂದು ಮೊಕದ್ದಮೆ ಇಂದಿಗೂ ಪಾಠವಾಗಿದೆ. ಎರಡನೆಯ ಮಹಾಯುದ್ಧದ ತರುವಾಯ ಹಳೆಯ ವಿಮಾನಗಳ ಗುಜರಿ ಮಾರಾಟಕ್ಕೆ ಬಂದಾಗ ಶ್ರೀ ಹನುಮಾನ್ ಕಾಟನ್ ಮಿಲ್ಸ್ ಎಂಬ ಸಂಸ್ಥೆ ಟಾಟಾ ಏರ್‌ಕ್ರಾಫ್ಟ್ ಕಂಪನಿಯಿಂದ 10 ಲಕ್ಷ ರೂಪಾಯಿಗೆ ಕೊಳ್ಳಲು ಒಪ್ಪಿ, ನಾಲ್ಕನೆಯ ಒಂದು ಭಾಗವಾದ ಎರಡೂವರೆ ಲಕ್ಷವನ್ನು ಮುಂಗಡ ಕಟ್ಟಿತು. ಉಳಿದ ಹಣವನ್ನು ಸಕಾಲಕ್ಕೆ ಕೊಡಲಿಲ್ಲ. ಮಾರಿದವರು ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಆ ಹಣ ವ್ಯವಹಾರದ ಖಾತ್ರಿಗಾಗಿ ಕೊಟ್ಟ ಬಯಾನಾ ಆದುದರಿಂದ ಮುಟ್ಟುಗೋಲು ಸರಿಯೆಂದು 1969ರಲ್ಲಿ ತೀರ್ಪಾಯಿತು. ಕೈಯಲ್ಲಿ ಪೂರ್ಣ ಹಣವಿಲ್ಲದೆ, ‘ಗಿರಾಕಿ ಸಿಕ್ಕರೆ ತೀರಿಸೋಣ’ ಎಂಬ ಲೆಕ್ಕದಲ್ಲಿ ಕೂಗುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ನಿಜವಾದ ಅಸಲು ಎಷ್ಟು

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

ಸಾವಿರ ಪ್ಯಾಂಟುಗಳ ಒಂದು ಲಾಟು 1,00,000 ರೂ.ಗೆ ಸಿಕ್ಕಿತೆನ್ನಿ. ನೋಡಲು ಒಂದಕ್ಕೆ 100 ರೂ. ಲಾರಿ ಬಾಡಿಗೆ ಹಾಗೂ ಹಮಾಲಿ 18,000 ರೂ., ವಿಂಗಡಣೆ ಹಾಗೂ ಒಗೆತ 12,000 ರೂ. ಸೇರಿದರೆ 1,30,000 ರೂ. ಆಯಿತು. ವಿಂಗಡಿಸಿದಾಗ 300 ಉತ್ತಮ, 400 ದುರಸ್ತಿಗೆ ಯೋಗ್ಯ, 300 ಚಿಂದಿ ಎಂದು ತಿಳಿಯಿತು. ದುರಸ್ತಿಗೆ ಒಂದಕ್ಕೆ 30 ರೂ.ನಂತೆ 12,000 ರೂ. ಕೂಡಿ 1,42,000 ರೂ. ಚಿಂದಿಯಿಂದ 3,000 ರೂ. ಬಂದರೆ ಉಳಿಯುವುದು 1,39,000 ರೂ. ನಾಲ್ಕು ತಿಂಗಳು ಹಣ ಸಿಕ್ಕಿಕೊಂಡರೆ ತಿಂಗಳಿಗೆ ಶೇ. 1ರಂತೆ ಬಡ್ಡಿ 5,560 ರೂ. ಒಟ್ಟು 1,44,560 ರೂ. ಮಾರಾಟಕ್ಕೆ ಯೋಗ್ಯವಾದ 700 ಪ್ಯಾಂಟುಗಳಿಗೆ ಇದನ್ನು ಹಂಚಿದರೆ ಒಂದರ ಅಸಲು ಸುಮಾರು 207 ರೂ. ನೂರು ರೂಪಾಯಿಯ ಮಾಲು ಹೀಗೆ ಇನ್ನೂರನ್ನು ದಾಟುತ್ತದೆ. ಜಿಎಸ್‌ಟಿಯನ್ನೂ, ಗುಜರಿ ಎಂದು ವರ್ಗೀಕರಿಸಿದ್ದಲ್ಲಿ ಮೂಲದಲ್ಲಿ ಸಂಗ್ರಹಿಸುವ ಆದಾಯ ತೆರಿಗೆಯನ್ನೂ ಮೊದಲು ಕೈಯಿಂದ ಕಟ್ಟಬೇಕೆಂಬುದು ಬೇರೆ.

ಅಳತೆಗಳ ಸಮಸ್ಯೆಯೂ ಉಂಟು. ಲಾಟಿನಲ್ಲಿ ಬಂದ ಅಳತೆಗಳು ನಮ್ಮ ಗಿರಾಕಿಗಳ ಅಳತೆಗೆ ಹೊಂದುವುದಿಲ್ಲ. ವಿದೇಶಿ ಸರಕಿನಲ್ಲಿ ಉದ್ದ ಹೆಚ್ಚು, ಸೊಂಟ ದೊಡ್ಡದು. ಕತ್ತರಿಸಿ ಹೊಲಿಸುವ ಕೂಲಿಯನ್ನೂ ಅಸಲಿಗೆ ಸೇರಿಸಬೇಕು.

ಗುಣಮಟ್ಟದ ಪರೀಕ್ಷೆ

ದುಬಾರಿ ಯಂತ್ರಗಳಿಲ್ಲದೆ ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಹೀಗಿವೆ.

ತೂಕ: ಗಟ್ಟಿ ಕೆಲಸದ ಪ್ಯಾಂಟಿಗೆ ಒಂದು ಚದರ ಮೀಟರಿಗೆ 240ರಿಂದ 290 ಗ್ರಾಂ ತೂಗುವ ಡ್ರಿಲ್ ಅಥವಾ ಟ್ವಿಲ್ ಬಟ್ಟೆ ಒಳ್ಳೆಯದು. ಮಧ್ಯಮ ಅಳತೆಯ ಆರು ಕಿಸೆಯ ಪ್ಯಾಂಟು ಆಗ ಸುಮಾರು ಅರ್ಧ ಕಿಲೋ ತೂಗುತ್ತದೆ. ಮುನ್ನೂರು ಗ್ರಾಂ ತೂಗುವ ಡ್ರಿಲ್ ಪ್ಯಾಂಟನ್ನು ‘ಮಿಲಿಟರಿ’ ಎಂದು ಕೊಟ್ಟರೆ ನಂಬಬೇಡಿ. ಹಗುರವಾಗಿಯೂ ಗಟ್ಟಿಯಾಗಿರುವ ರಿಪ್‌ಸ್ಟಾಪ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಚೌಕಳಿಯ ದಪ್ಪ ನೂಲು ಎರಡೂ ದಿಕ್ಕಿಗೆ ಕಾಣಬೇಕು. ಚೌಕಳಿ ಕೇವಲ ಅಚ್ಚು ಹಾಕಿದ್ದಾದರೆ ಅದು ಅನುಕರಣೆ.

ನೂಲು: ಒಳಮಡಿಕೆಯಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರ ನೂಲಿನಲ್ಲಿ ಎರಡೂ ಕಾಣುತ್ತವೆ. ಮಿಶ್ರಣ ಕೆಟ್ಟದ್ದೇನಲ್ಲ, ಸೇನೆಗಳೂ ಬಳಸುತ್ತವೆ. ಆದರೆ ನಮ್ಮ ಬೇಸಿಗೆಯಲ್ಲಿ ಹತ್ತಿಯ ಪಾಲು ಹೆಚ್ಚಿದ್ದಷ್ಟೂ ಮೈಗೆ ಹಿತ.

ಹೊಲಿಗೆ: ಪ್ಯಾಂಟನ್ನು ತಿರುವಿ ಒಳಗಡೆ ನೋಡಿ. ತೊಡೆಯ ಒಳಬದಿ ಹಾಗೂ ಹಿಂಭಾಗದ ಜೋಡಣೆಯಲ್ಲಿ ಎರಡೂ ಅಂಚುಗಳು ಒಂದರೊಳಗೊಂದು ಮಡಿಸಿ ಜೋಡಿ ಸಾಲಿನಲ್ಲಿ ಹೊಲಿದಿರಬೇಕು. ಕೇವಲ ಓವರ್‌ಲಾಕ್ ಮಾಡಿ ಬಿಟ್ಟಿದ್ದರೆ ಮೊದಲು ಹರಿಯುವುದು ಅಲ್ಲಿಯೇ. ಒಂದು ಅಂಗುಲಕ್ಕೆ ಹತ್ತರಷ್ಟಾದರೂ ಟಾಕಾ ಇರಲಿ. ಕಿಸೆಯ ಮೂಲೆ, ಬೆಲ್ಟಿನ ಪಟ್ಟಿ, ಮುಂಬದಿಯ ತಳ ಇಲ್ಲೆಲ್ಲ ಒತ್ತೊತ್ತಾಗಿ ಹಾಕಿದ ಬಾರ್‌ಟ್ಯಾಕ್ ಇರಬೇಕು. ಮೊಣಕಾಲು ಹಾಗೂ ಕೂರುವ ಭಾಗದಲ್ಲಿ ಎರಡು ಪದರವಿದ್ದರೆ ಉತ್ತಮ.

ಕಿಸೆ ಮತ್ತು ಗುಂಡಿ: ತೊಡೆಯ ಕಿಸೆಯ ಬದಿಗಳಲ್ಲಿ ನೆರಿಗೆ ಇದ್ದು ಸಾಮಾನು ತುಂಬಿದಾಗ ಉಬ್ಬುವಂತಿರಬೇಕು. ಮುಚ್ಚಳ ಕಿಸೆಯ ಬಾಯಿಗಿಂತ ತುಸು ಅಗಲವಿರಬೇಕು. ಅಗಲ ಪಟ್ಟಿಯಿಂದ ಬಿಗಿದ ಗುಂಡಿ, ದಾರದಿಂದ ಹೊಲಿದ ಗುಂಡಿಗಿಂತ ಬಹುಕಾಲ ಬಾಳುತ್ತದೆ. ಕಾಜದ ಅಂಚು ಬಿಚ್ಚಿಕೊಂಡಿದ್ದರೆ ಉಳಿದ ಕೆಲಸವೂ ಅಂಥದ್ದೇ ಎಂದು ತಿಳಿಯಿರಿ.

ಬಣ್ಣ ಮತ್ತು ಕುಗ್ಗುವಿಕೆ: ಒದ್ದೆಯಾದ ಬಿಳಿ ಬಟ್ಟೆಯಿಂದ ಹತ್ತು ಬಾರಿ ಉಜ್ಜಿದಾಗ ಬಣ್ಣ ಅಂಟಬಾರದು. ಬಟ್ಟೆಯ ಮೇಲೆ 50 ಸೆಂ.ಮೀ. ಗುರುತು ಹಾಕಿ ಮೂರು ಬಾರಿ ಒಗೆದು ಒಣಗಿಸಿ ಅಳೆಯಿರಿ. ಒಂದೂವರೆ ಸೆಂ.ಮೀ.ಗಿಂತ ಹೆಚ್ಚು, ಅಂದರೆ ಶೇ. 3ಕ್ಕಿಂತ ಹೆಚ್ಚು ಕುಗ್ಗಿದರೆ ಸರಕನ್ನು ಒಪ್ಪಬೇಡಿ.

ಚೀಟಿ: ಅಮೆರಿಕ ಹಾಗೂ ಐರೋಪ್ಯ ಸೇನೆಗಳ ಅಸಲಿ ಉಡುಪಿನ ಒಳಚೀಟಿಯಲ್ಲಿ ಸಾಮಾನ್ಯವಾಗಿ 13 ಅಂಕಿಗಳ ದಾಸ್ತಾನು ಸಂಖ್ಯೆ ಇರುತ್ತದೆ. ಉಡುಪುಗಳಿಗೆ ಮೊದಲ ನಾಲ್ಕು ಅಂಕಿ 8405 ಅಥವಾ 8415 ಎಂದು ಇರುವುದು ವಾಡಿಕೆ. ಮುಂದಿನ ಎರಡು ಅಂಕಿ ದೇಶವನ್ನು ಸೂಚಿಸುತ್ತವೆ. 00 ಹಾಗೂ 01 ಅಮೆರಿಕ, 99 ಬ್ರಿಟನ್, 12 ಜರ್ಮನಿ, 14 ಫ್ರಾನ್ಸ್. ಚೀಟಿಯನ್ನೂ ನಕಲು ಮಾಡಬಹುದಾದುದರಿಂದ ಇದೊಂದನ್ನೇ ನೆಚ್ಚಬಾರದು. ಕೀಟನಾಶಕ ಲೇಪಿಸಿದ್ದೆಂದು ಚೀಟಿಯಲ್ಲಿ ಬರೆದಿದ್ದರೆ ಗಿರಾಕಿಗೆ ಅದನ್ನು ತಿಳಿಸುವುದು ವ್ಯಾಪಾರ ಧರ್ಮ.

ಹೆಚ್ಚುವರಿ ಸರಕು ಮುಗಿದ ಮೇಲೆ

ಹೆಚ್ಚುವರಿ ಸರಕಿನ ದೊಡ್ಡ ದೋಷವೆಂದರೆ ಅದು ಮುಗಿಯುತ್ತದೆ. ಇಂದು ಗಿರಾಕಿ ಮೆಚ್ಚಿ ಕೊಂಡ ಪ್ಯಾಂಟನ್ನು ಆರು ತಿಂಗಳ ಬಳಿಕ ಮತ್ತೆ ಕೇಳಿದರೆ ಕೊಡಲಾಗುವುದಿಲ್ಲ. ಅಮೆರಿಕದ ಬನಾನಾ ರಿಪಬ್ಲಿಕ್ ಸಂಸ್ಥೆಯನ್ನು ಮೆಲ್ ಹಾಗೂ ಪ್ಯಾಟ್ರೀಷಿಯಾ ಜೀಗ್ಲರ್ ದಂಪತಿಗಳು 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ್ದು ಸೇನೆಯ ಹಳೆಯ ಉಡುಪುಗಳನ್ನು ತಿದ್ದಿ ಮಾರುವುದರಿಂದಲೇ. ಮುಂದೆ ಅವರು ಸ್ವಂತ ವಿನ್ಯಾಸದ ಉಡುಪುಗಳಿಗೆ ಹೊರಳಿದರು. ಹಳೆಯ ಸರಕು ಅವರಿಗೆ ಮೆಟ್ಟಿಲಾಯಿತು, ಮನೆಯಾಗಲಿಲ್ಲ.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯನ್ನೇ ನೋಡಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರ ಸಮವಸ್ತ್ರ ಹೊಲಿಯಲು ಬಳ್ಳಾರಿಗೆ ಬಂದು ನೆಲೆಸಿದ ದರ್ಜಿ ಕುಟುಂಬಗಳಿಂದ ಅಲ್ಲಿನ ಸಿದ್ಧ ಉಡುಪಿನ ಕಸುಬು ಬೆಳೆಯಿತೆಂದು ಆ ಉದ್ದಿಮೆಯವರು ಹೇಳಿಕೊಳ್ಳುತ್ತಾರೆ. ದಂಡು ಹೋದರೂ ಕೈಯ ಕೆಲಸ ಉಳಿಯಿತು. ಅದೇ ಕೈಗಳ ಮುಂದಿನ ತಲೆಮಾರುಗಳು ಬಳ್ಳಾರಿಯನ್ನು ಜೀನ್ಸ್ ಪ್ಯಾಂಟುಗಳ ಊರನ್ನಾಗಿ ಮಾಡಿದವು. ಕತ್ತರಿಸುವವರು, ಹೊಲಿಯುವವರು, ಕಾಜ ಮಾಡುವವರು, ಒಗೆಯುವವರು ಹೀಗೆ ಕೆಲಸ ಹಂಚಿಕೊಂಡ ಸಣ್ಣ ಸಣ್ಣ ಘಟಕಗಳಿಂದ ಅದು ನಡೆಯುತ್ತದೆ. ದೊಡ್ಡ ಕಾರ್ಖಾನೆಯೊಂದರಿಂದಲೇ ಉಡುಪು ಉದ್ದಿಮೆ ಆರಂಭವಾಗಬೇಕಿಲ್ಲ ಎಂಬುದಕ್ಕೆ ಬಳ್ಳಾರಿ ಸಾಕ್ಷಿ.

ಬೀದರ ಭಾಗದಲ್ಲಿಯೂ ಇದು ಸಾಧ್ಯ. ಒಂದು ಒಳ್ಳೆಯ ಅಸಲಿ ಪ್ಯಾಂಟನ್ನು ಕೊಂಡು, ಹೊಲಿಗೆ ಬಿಚ್ಚಿ, ಭಾಗ ಭಾಗವಾಗಿ ಕಾಗದದ ಮೇಲೆ ಇಳಿಸಿಕೊಂಡು ನಮ್ಮ ಜನರ ಅಳತೆಗೆ ತಿದ್ದಿಕೊಳ್ಳಬಹುದು. ತೊಡೆಯ ಕಿಸೆ, ಜೋಡಿ ಹೊಲಿಗೆ, ಎರಡು ಪದರದ ಮೊಣಕಾಲು ಇವೆಲ್ಲ ದಶಕಗಳಿಂದ ಎಲ್ಲರ ಬಳಕೆಯಲ್ಲಿರುವ ರಚನೆಗಳು. ನೋಂದಾಯಿತವಾದ ಚಿತ್ತಾರವನ್ನು ಮಾತ್ರ ಮುಟ್ಟಬಾರದು. 58 ಅಂಗುಲ ಅಗಲದ ಬಟ್ಟೆಯಲ್ಲಿ ಒಂದು ಪ್ಯಾಂಟಿಗೆ ಸುಮಾರು 1.6 ಮೀಟರ್ ಬೇಕಾಗುತ್ತದೆ. ಸಾಮಾನ್ಯ ಹೊಲಿಗೆ ಯಂತ್ರ ಹಾಗೂ ಓವರ್‌ಲಾಕ್ ನಮ್ಮ ಸಿಂಪಿಗರಲ್ಲಿ ಈಗಾಗಲೇ ಇವೆ. ಜೋಡಿ ಹೊಲಿಗೆಯ ಯಂತ್ರ, ಬಾರ್‌ಟ್ಯಾಕ್ ಯಂತ್ರ ಹಾಗೂ ಕಾಜದ ಯಂತ್ರ ಇವು ಮೂರನ್ನು ನಾಲ್ಕೈದು ಘಟಕಗಳು ಕೂಡಿ ಕೊಂಡರೆ ಬಂಡವಾಳದ ಹೊರೆ ಹಗುರವಾಗುತ್ತದೆ. ಮನ್ನಳ್ಳಿ, ಭಾಲ್ಕಿ, ಔರಾದ ಭಾಗದ ಹಳ್ಳಿಗಳಲ್ಲಿ ಹೊಲಿಗೆ ಕಲಿತ ಮಹಿಳೆಯರಿಗೆ ಬಿಡಿ ಭಾಗಗಳ ಕೆಲಸ ಕೊಟ್ಟು, ಜೋಡಣೆಯನ್ನು ಮಾತ್ರ ಒಂದು ಕಡೆ ಮಾಡಿಸಬಹುದು.

ಮಾರುಕಟ್ಟೆಯೂ ದೂರದಲ್ಲಿಲ್ಲ. ಸಕ್ಕರೆ ಕಾರ್ಖಾನೆಗಳು, ಕೊಳ್ಹಾರ ಹಾಗೂ ಹುಮನಾಬಾದ ಕೈಗಾರಿಕಾ ಪ್ರದೇಶಗಳ ಘಟಕಗಳು, ಭದ್ರತಾ ಸಂಸ್ಥೆಗಳು, ಆಸ್ಪತ್ರೆ ಹಾಗೂ ಕಾಲೇಜುಗಳ ನಿರ್ವಹಣಾ ಸಿಬ್ಬಂದಿ ಇವರಿಗೆಲ್ಲ ಪ್ರತಿವರ್ಷ ಕೆಲಸದ ಉಡುಪು ಬೇಕು. ಕೇಂದ್ರ ಸರ್ಕಾರದ ಇಲಾಖೆಗಳೂ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ. 25ನ್ನು ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬ ನಿಯಮವಿದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡು ಜೆಮ್ ತಾಣದಲ್ಲಿ ಹೆಸರು ದಾಖಲಿಸಿದವರಿಗೆ ಇದರ ಲಾಭ ದೊರೆಯಬಹುದು. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5 ಆಗಿದೆ. ನಾವು ಚರ್ಚಿಸುತ್ತಿರುವ ಪ್ಯಾಂಟು ಈ ಮಿತಿಯೊಳಗೇ ಬರುತ್ತದೆ.

ವ್ಯಾಪಾರಿ ಬಾಂಧವರಿಗೆ ಕಿವಿಮಾತು

ಹೆಚ್ಚುವರಿ ಸರಕಿನ ವ್ಯಾಪಾರ ಮಾಡಲೇಬಾರದೆಂದು ಈ ಲೇಖನದ ಅಭಿಪ್ರಾಯವಲ್ಲ. ಸಣ್ಣ ಲಾಟಿನಿಂದ ಆರಂಭಿಸಿ. ಪ್ರತಿಯೊಂದು ಗಂಟಿಗೂ ಜಿಎಸ್‌ಟಿ ಬಿಲ್ಲು ಪಡೆಯಿರಿ. ಹರಾಜಿನ ಮಾಲಾದರೆ ವಿತರಣಾ ಆದೇಶದ ಪ್ರತಿಯನ್ನು ಕಡತದಲ್ಲಿಡಿ. ಬಿಲ್ಲಿಲ್ಲದೆ ರೋಖಕ್ಕೆ ಸಿಗುವ ‘ಅಸಲಿ ಮಿಲಿಟರಿ’ ಮಾಲು ಕದ್ದದ್ದಾಗಿರಲೂಬಹುದು. ಅನುಕರಣೆಯ ಮಾಲನ್ನು ಅನುಕರಣೆ ಎಂದೇ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿ. ಗಿರಾಕಿ ಬೆಲೆಯನ್ನು ಮರೆಯುತ್ತಾನೆ, ಮೋಸವನ್ನು ಮರೆಯುವುದಿಲ್ಲ.

ಸೇನೆಯ ಪ್ಯಾಂಟಿಗೆ ಬೆಲೆ ಬಂದದ್ದು ಸೇನೆಯ ಹೆಸರಿನಿಂದಲ್ಲ. ಒಂದು ಹೊಲಿಗೆ ಬಿಚ್ಚಿದರೂ ತಿರಸ್ಕರಿಸುವ ಕಟ್ಟುನಿಟ್ಟಿನ ತಪಾಸಣೆಯಿಂದ ಅದು ಬಂದಿತು. ಅಂಥದೇ ತಪಾಸಣೆಯನ್ನು ನಮ್ಮ ಅಂಗಡಿಯ ಗಲ್ಲೆಯ ಮುಂದೆ ಹಾಗೂ ನಮ್ಮ ಹೊಲಿಗೆ ಘಟಕದ ಮೇಜಿನ ಮೇಲೆ ನಾವೇ ನಡೆಸಿದರೆ ‘ಬೀದರದ ಪ್ಯಾಂಟು’ ಎಂಬ ಮಾತಿಗೂ ಪೇಟೆಯಲ್ಲಿ ತೂಕ ಬರಬಲ್ಲದು. ಈ ನಿಟ್ಟಿನಲ್ಲಿ ಆಸಕ್ತಿಯುಳ್ಳ ಸದಸ್ಯರು ಜಂಟಿ ಯಂತ್ರ ಖರೀದಿಯ ವಿಚಾರವನ್ನು ಪರಸ್ಪರ ಚರ್ಚಿಸಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ದೊರೆಯುವ ಸಾಲ ಹಾಗೂ ಸಹಾಯಧನದ ವಿವರಗಳನ್ನು ಪಡೆದು ಮುಂದುವರಿಯುವುದು ಯುಕ್ತ.